ಹೆಡ್‌ಸೆಟ್ ಕೊಳ್ಳುವ ಮೊದಲು ಅಳತೆ, ಸುತ್ತಿಗೆ ಆಮೇಲೆ

ಪ್ರಶ್ನೆ: ನನ್ನ ಸೈಕಲ್‌ಗೆ ಏಳು ವರ್ಷವಾಯಿತು. ಅಲ್ಯೂಮಿನಿಯಂ ಫ್ರೇಮ್. ಈಚೆಗೆ ಮುಂದಿನ ಬ್ರೇಕ್ ಹಿಡಿದರೆ ಹ್ಯಾಂಡಲ್ ಬುಡದಲ್ಲಿ ಟಕ್ ಅನ್ನುತ್ತದೆ. ಹ್ಯಾಂಡಲ್ ನೇರಕ್ಕೆ ಬಂದಾಗ ಯಾವುದೋ ಗುಳಿಯಲ್ಲಿ ಕೂತ ಹಾಗೆ ಹಿಡಿದುಕೊಳ್ಳುತ್ತದೆ. ಹೆಡ್‌ಸೆಟ್ ಹೋಗಿದೆ, ಅಂದರೆ ಹ್ಯಾಂಡಲ್ ಮತ್ತು ಮುಂದಿನ ಚಕ್ರ ಹಿಡಿದ ಫೋರ್ಕ್ ತಿರುಗಲು ಇರುವ ಬೇರಿಂಗ್ ಜೋಡಣೆ ಹಾಳಾಗಿದೆ, ಬದಲಿಸು ಅಂತ ಗೆಳೆಯರು ಹೇಳುತ್ತಾರೆ. ಕೊಳ್ಳಲು ಹೋದರೆ ಹತ್ತಾರು ಅಳತೆಗಳು, ನನ್ನದು ಯಾವುದು ಅಂತ ಗೊತ್ತಾಗುತ್ತಿಲ್ಲ. ಅದನ್ನು ಫ್ರೇಮಿಗೆ ಒತ್ತಿ ಕೂರಿಸುವ ಪ್ರೆಸ್ ಟೂಲ್ ನನ್ನ ಹತ್ತಿರ ಇಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸಬಹುದಾ? ಅಪ್ಪನ ಹಳೆಯ ಸ್ಟೀಲ್ ಸೈಕಲ್ ಕೂಡ ಮನೆಯಲ್ಲಿದೆ. ಅದಕ್ಕೂ ಇದೇ ವಿಧಾನ ನಡೆಯುತ್ತಾ?

ಉತ್ತರ: ಮನೆಯಲ್ಲಿ ಖಂಡಿತ ಮಾಡಬಹುದು. ಆದರೆ ಹೊಸ ಹೆಡ್‌ಸೆಟ್ ಕೊಳ್ಳುವ ಮೊದಲು ಹಳೆಯದನ್ನು ಬಿಚ್ಚಿ ನೋಡಿ. ನೀವು ಹೇಳಿದ ಲಕ್ಷಣಗಳಿಗೆ ಎಷ್ಟೋ ಸಲ ಎರಡು ಬೇರಿಂಗ್ ಮತ್ತು ಒಂದಿಷ್ಟು ಗ್ರೀಸ್ ಸಾಕಾಗುತ್ತದೆ. ಬೇರಿಂಗ್ ಕೂರಲು ಫ್ರೇಮಿಗೆ ಒತ್ತಿ ಕೂರಿಸಿದ ಕಪ್‌ಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಕಪ್ ತೆಗೆದು ಹಾಕಿದಷ್ಟೂ ಫ್ರೇಮಿನ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಅದನ್ನು ಕೊನೆಯ ಉಪಾಯ ಅಂತ ಇಟ್ಟುಕೊಳ್ಳಿ.

ಮೊದಲು ಆ ಟಕ್ ಸದ್ದು ನಿಜವಾಗಿಯೂ ಹೆಡ್‌ಸೆಟ್‌ನಿಂದಲೇ ಬರುತ್ತಿದೆಯಾ ನೋಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ದೂಡಿದಾಗ ಬ್ರೇಕ್ ಪ್ಯಾಡ್ ತನ್ನ ಜಾಗದಲ್ಲಿ ಅಲುಗಿದರೂ ಹೀಗೇ ಕೇಳಿಸುತ್ತದೆ. ಮುಂದೆ ಸಸ್ಪೆನ್ಷನ್ ಇದ್ದರೆ ಅದರೊಳಗಿನ ಬುಷ್ ಸವೆದಿದ್ದರೂ ಅದೇ ಸದ್ದು. ಚಕ್ರವನ್ನು ಅಡ್ಡಕ್ಕೆ, 90 ಡಿಗ್ರಿ ತಿರುಗಿಸಿ, ಬ್ರೇಕ್ ಬಿಟ್ಟು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಒಂದು ಕೈಯ ಬೆರಳು ಕೆಳಗಿನ ಕಪ್ ಮತ್ತು ಫೋರ್ಕ್ ಸೇರುವ ಸಂದಿಯಲ್ಲಿರಲಿ. ಅಲುಗಾಟ ಬೆರಳಿಗೆ ತಿಳಿದರೆ ಅದು ಹೆಡ್‌ಸೆಟ್ಟೇ.

ನೇರಕ್ಕೆ ಬಂದಾಗ ಗುಳಿಯಲ್ಲಿ ಕೂತ ಹಾಗೆ ಅನ್ನಿಸುವುದು ಮಾತ್ರ ಅನುಮಾನವಿಲ್ಲದ ಗುರುತು. ಇದು ಗುಂಡಿ ರಸ್ತೆಯ ಒಂದೇ ಏಟಿಗೆ ಆಗುವುದು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ನಾವು ಓಡಿಸುವ ಹೊತ್ತಿನಲ್ಲಿ ಬಹುಪಾಲು ಹ್ಯಾಂಡಲ್ ನೇರವಾಗಿಯೇ ಇರುತ್ತದೆ. ಬೇರಿಂಗ್‌ನ ಗುಂಡುಗಳು ಉರುಳುವುದಿಲ್ಲ, ಒಂದೇ ಜಾಗದಲ್ಲಿ ನಿಂತು ನಡುಗುತ್ತಿರುತ್ತವೆ. ಆ ನಡುಕಕ್ಕೆ ಗುಂಡಿನ ಕೆಳಗಿನ ಗ್ರೀಸ್ ಪಕ್ಕಕ್ಕೆ ಸರಿದುಹೋಗುತ್ತದೆ. ಒಣಗಿದ ಲೋಹ ಲೋಹಕ್ಕೆ ಉಜ್ಜಿ ಒಂದೊಂದು ಗುಂಡಿನ ಕೆಳಗೂ ಸಣ್ಣ ಗುಳಿ ಬೀಳುತ್ತದೆ. ಇನ್ನಷ್ಟು ಟೈಟ್ ಮಾಡಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಗುಳಿ ಬಿದ್ದ ಬೇರಿಂಗನ್ನು ಬದಲಿಸಲೇಬೇಕು. ಹಾಗೇ ಬಿಟ್ಟರೆ ಸೈಕಲ್ ಸಣ್ಣಗೆ ಅತ್ತಿತ್ತ ಓಲಾಡುತ್ತದೆ. ನಾವು ಬ್ಯಾಲೆನ್ಸ್ ಮಾಡುವುದೇ ಹ್ಯಾಂಡಲ್ಲಿನ ಸಣ್ಣ ಸಣ್ಣ ತಿರುವಿನಿಂದ. ಆ ಗುಳಿ ಅಷ್ಟಕ್ಕೂ ಬಿಡುವುದಿಲ್ಲ.

ಈಗ ಬಿಚ್ಚುವ ಕೆಲಸ. ಏಳು ವರ್ಷದ ಅಲ್ಯೂಮಿನಿಯಂ ಸೈಕಲ್ ಅಂದಮೇಲೆ ನಿಮ್ಮದು ಬಹುತೇಕ ಥ್ರೆಡ್ ಇಲ್ಲದ ಮಾದರಿ. ಫೋರ್ಕಿನ ಮೇಲಿನ ಕೊಳವೆಗೆ ಸ್ಟಿಯರರ್ ಅನ್ನುತ್ತಾರೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಹೊರಗಿನಿಂದ ಅದನ್ನು ಕಚ್ಚಿಕೊಂಡಿರುತ್ತದೆ. ಮೇಲೆ ಮುಚ್ಚಳ, ಅದರ ನಡುವೆ ಒಂದು ಬೋಲ್ಟ್. ಜಾನ್ ರೇಡರ್ ಎಂಬುವವರಿಗೆ 1992ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಥ್ರೆಡ್ ಕೊರೆದ ಹಳೆಯ ಫೋರ್ಕುಗಳು ಹಿಂದೆ ಸರಿದದ್ದು ಆಮೇಲೆಯೇ. ಈ ವ್ಯವಸ್ಥೆಯ ಒಂದು ವಿಷಯ ತಲೆಯಲ್ಲಿರಲಿ. ಮೇಲಿನ ಬೋಲ್ಟ್ ಫೋರ್ಕನ್ನು ಹಿಡಿದುಕೊಂಡಿರುವುದಲ್ಲ. ಬೇರಿಂಗ್ ಮೇಲೆ ಎಷ್ಟು ಒತ್ತಡ ಬೇಕೋ ಅಷ್ಟನ್ನು ಕೊಡುವುದಷ್ಟೇ ಅದರ ಕೆಲಸ. ಫೋರ್ಕನ್ನು ಹಿಡಿದಿರುವುದು ಸ್ಟೆಮ್ಮಿನ ಪಕ್ಕದ ಬೋಲ್ಟುಗಳು.

ಮುಂದಿನ ಚಕ್ರ ತೆಗೆಯಿರಿ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರನ್ನು ಫೋರ್ಕಿನಿಂದ ಬಿಚ್ಚಿ. ರಿಮ್ ಬ್ರೇಕ್ ಇದ್ದರೆ ಕೇಬಲ್ ಸಡಿಲಿಸಿ. ಮೇಲಿನ ಬೋಲ್ಟ್ ಮತ್ತು ಮುಚ್ಚಳ ತೆಗೆಯಿರಿ. ಒಂದು ಕೈಯಲ್ಲಿ ಫೋರ್ಕ್ ಹಿಡಿದುಕೊಂಡು ಸ್ಟೆಮ್ಮಿನ ಬೋಲ್ಟುಗಳನ್ನು ಸಡಿಲಿಸಿ. ಇಲ್ಲದಿದ್ದರೆ ಫೋರ್ಕ್ ಸೀದಾ ನೆಲಕ್ಕೆ ಬೀಳುತ್ತದೆ. ಹ್ಯಾಂಡಲ್ಲನ್ನು ಕೇಬಲ್ ಸಮೇತ ಫ್ರೇಮಿಗೆ ಬಟ್ಟೆಯಿಂದ ಕಟ್ಟಿ. ಕೆಲವೊಮ್ಮೆ ಸ್ಟೆಮ್ ತೆಗೆದರೂ ಫೋರ್ಕ್ ಇಳಿಯುವುದಿಲ್ಲ. ಮೇಲಿನ ಬೇರಿಂಗ್ ಮತ್ತು ಸ್ಟಿಯರರ್ ನಡುವೆ ಇರುವ ಸೀಳಿದ ಬಳೆ ಕಚ್ಚಿಕೊಂಡಿರುತ್ತದೆ. ಸ್ಟಿಯರರ್ ತುದಿಗೆ ಮರದ ತುಂಡಿಟ್ಟು ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಬಿಡುತ್ತದೆ. ಒಂದೊಂದು ಭಾಗ ಹೊರಬಂದಾಗಲೂ ಫೋಟೊ ತೆಗೆಯಿರಿ. ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ. ಯಾವ ಬಳೆಯ ಯಾವ ಮುಖ ಮೇಲಿತ್ತು ಅನ್ನುವುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಬೇರಿಂಗ್ ಒಂದೇ ತುಂಡಾಗಿ, ಮುಚ್ಚಿದ ಉಂಗುರದ ಹಾಗೆ ಬಂದರೆ ಅದು ಕಾರ್ಟ್ರಿಜ್ ಬೇರಿಂಗ್. ಬೆರಳಲ್ಲಿ ಹಿಡಿದು ತಿರುಗಿಸಿ. ಗರಗರ ಅಂದರೆ, ಅಲ್ಲಲ್ಲಿ ಹಿಡಿದರೆ, ಅದರ ಆಯಸ್ಸು ಮುಗಿದಿದೆ. ಕಪ್ಪಿನಲ್ಲಿ ತುಕ್ಕು, ಬಿರುಕು ಇಲ್ಲದಿದ್ದರೆ, ಕಪ್ ಫ್ರೇಮಿನಲ್ಲಿ ಅಲುಗದಿದ್ದರೆ, ಅದೇ ಅಳತೆಯ ಬೇರಿಂಗ್ ತಂದು ಹಾಕಿದರೆ ಮುಗಿಯಿತು. ಸುತ್ತಿಗೆಯೂ ಬೇಡ, ಪ್ರೆಸ್ಸೂ ಬೇಡ.

ಅಳತೆಯಲ್ಲಿ ಮಾತ್ರ ಅಂದಾಜು ಮಾಡಬೇಡಿ. ಬೇರಿಂಗ್‌ನ ಬದಿಯಲ್ಲಿ ಸಾಮಾನ್ಯವಾಗಿ ಹೊರವ್ಯಾಸ, ಒಳವ್ಯಾಸ, ಎತ್ತರ, ಜೊತೆಗೆ ಎರಡು ಕೋನಗಳನ್ನು ಕೊರೆದಿರುತ್ತಾರೆ. 36 ಮತ್ತು 45, ಇಲ್ಲವೇ 45 ಮತ್ತು 45. ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. 41 ಮಿ.ಮೀ. ಮತ್ತು 41.8 ಮಿ.ಮೀ. ಎರಡೂ ಅಳತೆಯ ಬೇರಿಂಗುಗಳು ಬಳಕೆಯಲ್ಲಿವೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೋನ ತಪ್ಪಿದರೆ ಇನ್ನೂ ಕಷ್ಟ. ಬೇರಿಂಗ್ ತನ್ನ ಇಳಿಜಾರಿನಲ್ಲಿ ಪೂರ್ತಿ ಒರಗುವುದಿಲ್ಲ, ಅಂಚಿನಲ್ಲಷ್ಟೇ ತಾಗುತ್ತದೆ. ಎಷ್ಟು ಟೈಟ್ ಮಾಡಿದರೂ ಕೆಲವೇ ದಿನಗಳಲ್ಲಿ ಮತ್ತೆ ಟಕ್ ಶುರು.

ಕಪ್ ಸಮೇತ ಬದಲಿಸಲೇಬೇಕು ಅಂತಾದರೆ ಹೆಡ್‌ಸೆಟ್ ಪೆಟ್ಟಿಗೆಯ ಮೇಲಿನ ಬರಹ ಓದಲು ಕಲಿಯಬೇಕು. ನಿಮ್ಮನ್ನು ಗೊಂದಲಕ್ಕೆ ಹಾಕಿದ್ದು ಅದೇ ಅಲ್ವಾ? ಅದಕ್ಕೆ ಎಸ್.ಎಚ್.ಐ.ಎಸ್. ಎಂಬ ಗುರುತಿನ ಪದ್ಧತಿ ಇದೆ. ಎರಡು ಅಕ್ಷರ, ಒಂದು ಸಂಖ್ಯೆ, ಗೆರೆಯ ಆಚೆ ಇನ್ನೊಂದು ಸಂಖ್ಯೆ. ಅಕ್ಷರ ಇ.ಸಿ. ಅಂತಿದ್ದರೆ ಕಪ್ ಫ್ರೇಮಿನ ಹೊರಗೆ ಕಾಣುತ್ತದೆ, ಬೇರಿಂಗ್ ಕೂಡ ಹೊರಗಿನ ಆ ಕಪ್ಪಿನಲ್ಲೇ ಇರುತ್ತದೆ. ಝಡ್.ಎಸ್. ಅಂದರೆ ಕಪ್ ಹೆಡ್ ಟ್ಯೂಬಿನೊಳಗೆ, ಅಂದರೆ ಫ್ರೇಮಿನ ಮುಂತುದಿಯ ಕೊಳವೆಯೊಳಗೆ, ಇಳಿದು ತೆಳು ಅಂಚು ಮಾತ್ರ ಹೊರಗೆ ನಿಲ್ಲುತ್ತದೆ. ಐ.ಎಸ್. ಅಂದರೆ ಒತ್ತಿ ಕೂರಿಸುವ ಕಪ್ಪೇ ಇಲ್ಲ, ಫ್ರೇಮಿನಲ್ಲೇ ಕೊರೆದ ಜಾಗಕ್ಕೆ ಬೇರಿಂಗ್ ಕೈಯಲ್ಲೇ ಇಳಿಯುತ್ತದೆ. ಅಂಥ ಫ್ರೇಮಿಗೆ ಯಾವತ್ತೂ ಬಡಿಯಬೇಡಿ. ಒತ್ತಿ ಕೂರಿಸುವಂಥದ್ದು ಅಲ್ಲಿ ಏನೂ ಇಲ್ಲ.

ಮೊದಲ ಸಂಖ್ಯೆ ಹೆಡ್ ಟ್ಯೂಬಿನ ಒಳವ್ಯಾಸ, ಮಿಲಿಮೀಟರಿನಲ್ಲಿ. ಗೆರೆಯ ಆಚೆಯ ಸಂಖ್ಯೆ ಮೇಲಿನ ಭಾಗಕ್ಕೆ ಒಂದು, ಕೆಳಗಿನ ಭಾಗಕ್ಕೆ ಇನ್ನೊಂದು ಅರ್ಥ ಕೊಡುತ್ತದೆ. ಮೇಲೆ ಅದು ಸ್ಟಿಯರರ್ ವ್ಯಾಸ. ಕೆಳಗೆ ಫೋರ್ಕಿನ ಬುಡದಲ್ಲಿ ಕ್ರೌನ್ ರೇಸ್ ಎಂಬ ಬಳೆ ಕೂರುವ ಜಾಗದ ವ್ಯಾಸ. ಮೇಲೆ ಇ.ಸಿ. 34/28.6, ಕೆಳಗೆ ಇ.ಸಿ. 34/30 ಅಂದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಸ್ಟಿಯರರ್ ಇರುವ ಸೈಕಲ್. ಕೆಳಗಿನದು 56/40 ಅಥವಾ 52/40 ಅಂತಿದ್ದರೆ ಬುಡಕ್ಕೆ ಬರುತ್ತಾ 38.1 ಮಿ.ಮೀ. ದಪ್ಪವಾಗುವ ಸ್ಟಿಯರರ್. ಮೇಲೊಂದು ಬಗೆ, ಕೆಳಗೊಂದು ಬಗೆ ಇರುವ ಸೈಕಲ್ ಬೇಕಾದಷ್ಟಿವೆ. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ ಅನ್ನುವುದು.

ಹೊಸ ಹೆಡ್‌ಸೆಟ್‌ನ ಎತ್ತರ ಹಳೆಯದಕ್ಕಿಂತ ಕಡಿಮೆಯಾದರೆ ಸ್ಟೆಮ್ ಕೆಳಗೆ ಒಂದು ತೆಳು ಸ್ಪೇಸರ್, ಅಂದರೆ ಜಾಗ ತುಂಬುವ ಬಳೆ, ಹಾಕಿ. ಜಾಸ್ತಿಯಾದರೆ ಒಂದನ್ನು ತೆಗೆಯಿರಿ. ತೆಗೆಯಲು ಸ್ಪೇಸರೇ ಇಲ್ಲದಿದ್ದರೆ ಆ ಹೆಡ್‌ಸೆಟ್ ನಿಮಗೆ ಬೇಡ. ಸ್ಟೆಮ್ ಸ್ಟಿಯರರನ್ನು ಪೂರ್ತಿ ಕಚ್ಚಿಕೊಳ್ಳಬೇಕು, ಅದರಲ್ಲಿ ರಾಜಿ ಇಲ್ಲ.

ಕಪ್ ತೆಗೆಯಲು ಅಂಗಡಿಯ ಟೂಲ್ ಬೇಕೇಬೇಕು ಅಂತಿಲ್ಲ. ಕಪ್ಪಿನೊಳಗೆ ಸಲೀಸಾಗಿ ಹೋಗುವ ಕಬ್ಬಿಣದ ಪೈಪ್ ಸಾಕು, ಸುಮಾರು ಒಂದಡಿ ಉದ್ದ. ಹೆಡ್ ಟ್ಯೂಬ್ ಉದ್ದವಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಒಂದು ತುದಿಯನ್ನು ಹ್ಯಾಕ್ಸಾದಲ್ಲಿ ಕೂಡಿಸುವ ಗುರುತಿನ ಹಾಗೆ ಎರಡು ಸಲ ಸೀಳಿ, 10 ಸೆಂ.ಮೀ. ಆಳಕ್ಕೆ. ನಾಲ್ಕು ಎಸಳು ಸಿಗುತ್ತವೆ. ಅವನ್ನು ಸ್ವಲ್ಪ ಹೊರಕ್ಕೆ ಬಗ್ಗಿಸಿ. ಕೆಳಗಿನ ಕಪ್ ತೆಗೆಯಬೇಕಾದರೆ ಪೈಪಿನ ಮಾಮೂಲಿ ತುದಿಯನ್ನು ಕೆಳಗಿನಿಂದ ತೂರಿಸಿ ಮೇಲಿನಿಂದ ಎಳೆಯಿರಿ. ಎಸಳುಗಳು ಮುದುಡಿಕೊಂಡು ಕಪ್ ದಾಟುತ್ತವೆ, ಒಳಗೆ ಹೋದೊಡನೆ ಟಪ್ ಅಂತ ಬಿಚ್ಚಿಕೊಳ್ಳುತ್ತವೆ. ಈಗ ಅವು ಕಪ್ಪಿನ ಒಳ ಅಂಚಿನ ಬೆನ್ನಿಗೆ ಕೂತಿವೆ. ಮೇಲಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ಕಪ್ ಕೆಳಗೆ ಬೀಳುತ್ತದೆ. ಮೇಲಿನ ಕಪ್ಪಿಗೆ ಇದನ್ನೇ ತಿರುಗುಮುರುಗು ಮಾಡಿ.

ಉದ್ದ ಸ್ಕ್ರೂಡ್ರೈವರ್ ತೂರಿಸಿ ಬಡಿಯುವ ರೂಢಿಯೂ ಇದೆ. ಬೇರೆ ಗತಿ ಇಲ್ಲದಿದ್ದರೆ ಮಾಡಿ, ಆದರೆ ಒಂದೇ ಕಡೆ ಬಡಿಯಬೇಡಿ. ಎಡಕ್ಕೊಂದು ಸಣ್ಣ ಏಟು, ಬಲಕ್ಕೊಂದು. ಒಂದೇ ಬದಿ ಹೊಡೆದರೆ ಕಪ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಅಲ್ಯೂಮಿನಿಯಂ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಕ್ರೌನ್ ರೇಸಿನಲ್ಲಿ ಒಂದು ಕಡೆ ಸೀಳು ಇದ್ದರೆ ಉಗುರಿನಲ್ಲೇ ಎಬ್ಬಿಸಬಹುದು. ಸೀಳು ಇಲ್ಲದಿದ್ದರೆ ಫೋರ್ಕನ್ನು ತಲೆಕೆಳಗೆ ಮಾಡಿ. ಸ್ಟಿಯರರ್ ತುದಿ ಮರದ ಹಲಗೆಯ ಮೇಲಿರಲಿ. ಚಪ್ಪಟೆ ಉಳಿಯ ತುದಿಯನ್ನು ಬಳೆಯ ಅಂಚಿಗೆ ತಾಗಿಸಿ ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ. ಫೋರ್ಕ್ ಕಾರ್ಬನ್ ಆಗಿದ್ದರೆ ಉಳಿ ಕೆಳಗಿಡಿ. ಕಾರ್ಬನ್ ಫ್ರೇಮಿಗೆ ಅಂಟಿಸಿರುವ ಕಪ್ಪಿಗೂ ಇದೇ ಮಾತು. ಅಂಥ ಕೆಲಸ ಸರಿಯಾದ ಟೂಲ್ ಇರುವವರ ಕೈಯಲ್ಲೇ ಆಗಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬಡಿದು ಕೂರಿಸಬಹುದಾ? ಬೇಡ. ಕಪ್ಪಿನ ವ್ಯಾಸ ರಂಧ್ರಕ್ಕಿಂತ ಸುಮಾರು 0.1ರಿಂದ 0.2 ಮಿ.ಮೀ. ದೊಡ್ಡದಿರುತ್ತದೆ. ಆ ಕೂದಲೆಳೆಯ ಬಿಗಿಯೇ ಅದನ್ನು ಹಿಡಿದಿಡುವುದು. ಸುತ್ತಿಗೆಯ ಏಟು ಎಂದೂ ಸರಿಯಾಗಿ ನಡುಮಧ್ಯಕ್ಕೆ ಬೀಳುವುದಿಲ್ಲ. ನಾನು ಕೆಲಸ ಕಲಿಯುವಾಗ ಒಂದು ಅಲ್ಯೂಮಿನಿಯಂ ಫ್ರೇಮಿಗೆ ಮರದ ತುಂಡಿಟ್ಟು ಬಡಿದು ಕೆಳಗಿನ ಕಪ್ ಕೂರಿಸಿದೆ. ಕೂತಿತು. ಆದರೆ ಹೋಗುವಾಗ ಓರೆಯಾಗಿ ಹೋಗಿ ಒಂದು ಬದಿಯನ್ನು ಕೆರೆದುಕೊಂಡು ಹೋಗಿತ್ತು. ಎರಡು ವಾರಕ್ಕೆ ಕಪ್ ಕೈಯಲ್ಲೇ ತಿರುಗುವಷ್ಟು ಸಡಿಲವಾಯಿತು. ಆ ಫ್ರೇಮ್ ಮತ್ತೆ ಮೊದಲಿನ ಹಾಗೆ ಆಗಲಿಲ್ಲ. ಅವತ್ತಿನಿಂದ ಕಪ್ ಕೂರಿಸಲು ನಾನು ಸುತ್ತಿಗೆ ಹಿಡಿದಿಲ್ಲ.

ಅದರ ಬದಲು ಪೂರ್ತಿ ಥ್ರೆಡ್ ಇರುವ 12 ಮಿ.ಮೀ. ಸರಳು ತನ್ನಿ, ಹೆಡ್ ಟ್ಯೂಬಿಗಿಂತ ಒಂದು ಗೇಣು ಉದ್ದ. ಎರಡು ನಟ್, ಕಪ್ಪಿನ ಹೊರ ಅಂಚನ್ನು ಪೂರ್ತಿ ಮುಚ್ಚುವ ಎರಡು ದಪ್ಪ ವಾಷರ್, ನಟ್ಟಿನ ಕೆಳಗೆ ಹಾಕಲು ಕೆಲವು ಸಣ್ಣ ವಾಷರ್. ವಾಷರ್ ಚಪ್ಪಟೆಯಾಗಿರಬೇಕು. ಬಗ್ಗಿದ್ದರೆ ಕಪ್ಪೂ ಬಗ್ಗಿಕೊಂಡೇ ಹೋಗುತ್ತದೆ. ಕಪ್ಪಿನಿಂದ ಬೇರಿಂಗ್ ತೆಗೆದಿಡಿ, ಒತ್ತಡ ಅದರ ಮೇಲೆ ಬೀಳಬಾರದು.

ರಂಧ್ರದ ಒಳಗೆ ಬಣ್ಣ, ತುಕ್ಕು, ಲೋಹದ ಚೂರು ಇಲ್ಲದ ಹಾಗೆ ಒರೆಸಿ ತೆಳ್ಳಗೆ ಗ್ರೀಸ್ ಸವರಿ. ಒಂದು ಸಲಕ್ಕೆ ಒಂದೇ ಕಪ್. ಎರಡನ್ನೂ ಒಟ್ಟಿಗೆ ಎಳೆಯಲು ಹೋದರೆ ಯಾವುದು ಓರೆಯಾಗುತ್ತಿದೆ ಅಂತ ತಿಳಿಯುವುದಿಲ್ಲ. ಇನ್ನೊಂದು ತುದಿಯಲ್ಲಿ ವಾಷರ್ ಮತ್ತು ಫ್ರೇಮಿನ ನಡುವೆ ರಟ್ಟಿನ ತುಂಡು ಇಡಿ. ಒಂದು ನಟ್ಟನ್ನು ಸ್ಪ್ಯಾನರಿನಲ್ಲಿ ಹಿಡಿದು ಇನ್ನೊಂದನ್ನು ತಿರುಗಿಸಿ. ಇಡೀ ಕೆಲಸದ ಜೀವ ಇರುವುದು ಮೊದಲ ಎರಡು ಮಿಲಿಮೀಟರಿನಲ್ಲಿ. ಕಾಲು ಸುತ್ತು ತಿರುಗಿಸಿ, ಎದ್ದು ನಾಲ್ಕೂ ಕಡೆಯಿಂದ ನೋಡಿ. ಅಂಚಿನ ಸಂದಿ ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಹೆಚ್ಚು ಕಂಡರೆ ಮುಂದುವರಿಸಬೇಡಿ. ಹಿಂದಕ್ಕೆ ತೆಗೆದು ಮತ್ತೆ ಶುರು ಮಾಡಿ. ಆಮೇಲೆ ತಾನೇ ನೇರವಾಗುತ್ತದೆ ಅಂತ ಆಸೆಪಡಬೇಡಿ, ಆಗುವುದಿಲ್ಲ. ಸರಿಯಾಗಿ ಹಿಡಿದರೆ ಮುಂದಿನದು ಸುಲಭ. ಕಪ್ ಪೂರ್ತಿ ಕೂತಾಗ ಸ್ಪ್ಯಾನರ್ ಒಮ್ಮೆಲೇ ಬಿಗಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅಂಚಿನ ಕೆಳಗೆ ಕಾಗದ ತೂರಿಸಲು ನೋಡಿ, ಎಲ್ಲಿಯೂ ಹೋಗಬಾರದು.

ಕಪ್ಪನ್ನು ಫ್ರೀಜರಿನಲ್ಲಿಟ್ಟರೆ ಕುಗ್ಗುತ್ತದೆ ಅನ್ನುವ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. 34 ಮಿ.ಮೀ. ಅಲ್ಯೂಮಿನಿಯಂ ಕಪ್ ಐವತ್ತು ಡಿಗ್ರಿ ತಣ್ಣಗಾದರೆ ಕುಗ್ಗುವುದು ಸುಮಾರು 0.04 ಮಿ.ಮೀ. ಮಾತ್ರ. ಅಷ್ಟಕ್ಕೆ ಕಪ್ ತಾನಾಗಿ ಒಳಗೆ ಜಾರುವುದಿಲ್ಲ. ಮೇಲೆ ಕೂತ ತೇವ ಬೇರೆ ಒಳಗೆ ಸೇರುತ್ತದೆ. ನಾನು ಇದನ್ನು ಮಾಡುವುದಿಲ್ಲ.

ಕಪ್ ಬೆರಳಲ್ಲಿ ಒತ್ತಿದರೇ ಒಳಹೋಯಿತು ಅಂದರೆ ರಂಧ್ರ ದೊಡ್ಡದಾಗಿದೆ, ಇಲ್ಲವೇ ತಪ್ಪು ಅಳತೆ ತಂದಿದ್ದೀರಿ. ಹೊಸ ಬಣ್ಣ ಹೊಡೆಸಿದ ಫ್ರೇಮಿನಲ್ಲಿ, ಅಥವಾ ಅಂಚುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದ ಫ್ರೇಮಿನಲ್ಲಿ, ಮೊದಲು ಕಟರ್ ಹಾಕಿ ಸರಿಮಾಡಿಸಬೇಕು. ಆ ಟೂಲ್ ದುಬಾರಿ, ಮನೆಗೆ ತರುವಂಥದ್ದಲ್ಲ. ಅಷ್ಟನ್ನು ವರ್ಕ್‌ಶಾಪಿನಲ್ಲಿ ಮಾಡಿಸಿ, ಉಳಿದದ್ದನ್ನು ನೀವೇ ಮಾಡಿ.

ಸೀಳಿಲ್ಲದ ಕ್ರೌನ್ ರೇಸ್ ಕೂರಿಸಲು ಮಾತ್ರ ಸುತ್ತಿಗೆ ಬೇಕಾಗುತ್ತದೆ. ಸ್ಟಿಯರರ್ ಮೇಲೆ ಸಲೀಸಾಗಿ ಇಳಿಯುವ, ತುದಿ ನೇರವಾಗಿ ಕತ್ತರಿಸಿದ ಕಬ್ಬಿಣದ ಪೈಪ್ ಹಿಡಿಯಿರಿ. ಹೊಸ ರೇಸಿನ ಮೇಲೆ ಹಳೆಯ ರೇಸನ್ನು ತಲೆಕೆಳಗಾಗಿ ಇಟ್ಟು ಅದರ ಮೇಲೆ ಪೈಪ್ ಕೂರಿಸಿದರೆ ಹೊಸದರ ಮೈಗೆ ಪೆಟ್ಟು ಬೀಳುವುದಿಲ್ಲ. ಫೋರ್ಕಿನ ಕಾಲುಗಳನ್ನು ನೆಲಕ್ಕೆ ಊರಿಸಿ ಹೊಡೆಯಬೇಡಿ, ಆಕ್ಸಲ್ ಕೂರುವ ತುದಿಗಳು ಬಗ್ಗುತ್ತವೆ. ಫೋರ್ಕನ್ನು ಕೈಯಲ್ಲಿ ಎತ್ತಿ ಹಿಡಿದು ಹೊಡೆಯಿರಿ. ರೇಸ್ ತಳ ಮುಟ್ಟಿದಾಗ ಸದ್ದು ಬದಲಾಗುತ್ತದೆ, ಕಿವಿಗೇ ಗೊತ್ತಾಗುತ್ತದೆ.

ಜೋಡಿಸುವಾಗ ಗ್ರೀಸಿಗೆ ಜಿಪುಣತನ ಬೇಡ. ಕಾರ್ಟ್ರಿಜ್ ಬೇರಿಂಗ್ ಆದರೂ ಸುತ್ತ ಸವರಿ, ನೀರು ಒಳಗೆ ಹೋಗುವುದನ್ನು ಅದೇ ತಡೆಯುತ್ತದೆ. ಮೊದಲು ಹಾಳಾಗುವುದು ಸಾಮಾನ್ಯವಾಗಿ ಕೆಳಗಿನ ಬೇರಿಂಗ್. ಚಕ್ರ ಎರಚುವ ನೀರು, ಕೆಸರು ಎಲ್ಲ ಅದಕ್ಕೇ. ಬೇರಿಂಗ್‌ನ ಯಾವ ಮುಖ ಮೇಲೆ, ಯಾವುದು ಕೆಳಗೆ ಅನ್ನುವುದಕ್ಕೆ ನಿಮ್ಮ ಫೋಟೊ ನೋಡಿ.

ಸ್ಟೆಮ್ ಕೂರಿಸಿದ ಮೇಲೆ ಸ್ಟಿಯರರ್ ತುದಿ ಅದರ ಮೇಲಂಚಿಗಿಂತ, ಅಥವಾ ಮೇಲಿನ ಸ್ಪೇಸರಿಗಿಂತ, ಸುಮಾರು 3 ಮಿ.ಮೀ. ಕೆಳಗಿರಬೇಕು. ಸಮವಾಗಿದ್ದರೆ ಮುಚ್ಚಳ ಸ್ಟಿಯರರಿಗೇ ತಾಗಿ ನಿಂತುಬಿಡುತ್ತದೆ, ಬೇರಿಂಗ್‌ಗೆ ಒತ್ತಡ ಹೋಗುವುದಿಲ್ಲ. ಪಕ್ಕದ ಬೋಲ್ಟುಗಳು ಸಡಿಲವಾಗಿರುವಾಗಲೇ ಮೇಲಿನ ಬೋಲ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ. ಅಲುಗಾಟ ನಿಂತ ಕೂಡಲೇ ಸಾಕು. ಮುಂಭಾಗ ಎತ್ತಿ ಹಿಡಿದರೆ ಹ್ಯಾಂಡಲ್ ತನ್ನ ಭಾರಕ್ಕೇ ಪಕ್ಕಕ್ಕೆ ವಾಲಬೇಕು. ಕೇಬಲ್ಲುಗಳು ತಡೆಯುತ್ತಿದ್ದರೆ ಬೆರಳಿನಿಂದ ತಳ್ಳಿ ನೋಡಿ, ಎಲ್ಲೂ ಹಿಡಿಯಬಾರದು. ಆಮೇಲೆ ಹ್ಯಾಂಡಲ್ ನೇರ ಮಾಡಿ, ಪಕ್ಕದ ಬೋಲ್ಟುಗಳನ್ನು ಒಂದಾದಮೇಲೊಂದರಂತೆ ಬಿಗಿಯಿರಿ. ಎಷ್ಟು ಬಿಗಿಯಬೇಕು ಅಂತ ಸ್ಟೆಮ್ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಪಕ್ಕದ ಬೋಲ್ಟು ಬಿಗಿದ ಮೇಲೆ ಮೇಲಿನದನ್ನು ಎಷ್ಟು ತಿರುಗಿಸಿದರೂ ಹೊಂದಾಣಿಕೆ ಬದಲಾಗುವುದಿಲ್ಲ. ಬೋಲ್ಟಿನ ತಲೆ ಹಾಳಾಗುತ್ತದೆ ಅಷ್ಟೇ.

ಇನ್ನು ಅಪ್ಪನ ಸೈಕಲ್. ಕಪ್ ತೆಗೆಯುವ, ಒತ್ತಿ ಕೂರಿಸುವ ವಿಧಾನ ಇದೇ. ಉಳಿದದ್ದು ಬೇರೆ. ಅದರ ಸ್ಟಿಯರರ್ ಬಹುಶಃ ಒಂದು ಇಂಚು, ತುದಿಯಲ್ಲಿ ಥ್ರೆಡ್ ಇರುತ್ತದೆ. ಹ್ಯಾಂಡಲ್ ಸ್ಟೆಮ್ ಅದರೊಳಗೆ ಇಳಿದಿರುತ್ತದೆ. ಮೇಲಿನ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ ಅದರ ತಲೆಗೆ ಮರದ ತುಂಡಿಟ್ಟು ಹೊಡೆಯಿರಿ. ಒಳಗಿನ ಬೆಣೆ ಬಿಟ್ಟುಕೊಂಡು ಹ್ಯಾಂಡಲ್ ಮೇಲೆ ಬರುತ್ತದೆ. ಆಮೇಲೆ ಸ್ಟಿಯರರ್ ಥ್ರೆಡ್ಡಿನಲ್ಲಿರುವ ಲಾಕ್ ನಟ್ ಮತ್ತು ಅದರ ಕೆಳಗಿನ ಥ್ರೆಡ್ ಕಪ್ ಬಿಚ್ಚಿ. ಫೋರ್ಕ್ ಇಳಿಸುವಾಗ ಕೆಳಗೆ ಬಟ್ಟೆ ಹಾಸಿ, ಬಿಡಿ ಗುಂಡುಗಳು ಉದುರುತ್ತವೆ. ಎಣಿಸಿಡಿ. ಈ ಹೆಡ್‌ಸೆಟ್‌ನಲ್ಲಿ ಗುಂಡುಗಳು ಪಂಜರದೊಳಗೆ ಇದ್ದು, ಕಪ್ಪಿನಲ್ಲಿ ಸಣ್ಣದಾಗಿ ಗುಳಿ ಬಿದ್ದಿದ್ದರೆ ಹಳೆಯ ಮೆಕ್ಯಾನಿಕ್‌ಗಳ ಒಂದು ಉಪಾಯ ಇದೆ. ಪಂಜರ ತೆಗೆದು ಅದೇ ಗಾತ್ರದ ಬಿಡಿ ಗುಂಡುಗಳನ್ನು ತುಂಬುವುದು, ಒಂದು ಗುಂಡಿನಷ್ಟು ಜಾಗ ಖಾಲಿ ಬಿಟ್ಟು. ಗುಂಡುಗಳ ನಡುವಿನ ಅಂತರ ಬದಲಾಗುವುದರಿಂದ ಎಲ್ಲವೂ ಒಟ್ಟಿಗೆ ಹಳೆಯ ಗುಳಿಗೆ ಬೀಳುವುದಿಲ್ಲ. ಹೊಸ ಹೆಡ್‌ಸೆಟ್ ಸಿಗುವ ತನಕ ಚೆನ್ನಾಗಿ ನಡೆಯುತ್ತದೆ.

ಈ ಹಳೆಯ ಒಂದು ಇಂಚಿನಲ್ಲೂ ಸಾಮಾನ್ಯವಾಗಿ ಎರಡು ಅಳತೆ ಸಿಗುತ್ತವೆ. ಒಂದರಲ್ಲಿ ಕಪ್ 30.2, ಕ್ರೌನ್ ರೇಸ್ 26.4 ಮಿ.ಮೀ. ಜಪಾನಿನ ಜೆ.ಐ.ಎಸ್. ಅಳತೆಯಲ್ಲಿ ಕಪ್ 30.0, ರೇಸ್ 27.0. ಬೆರೆಸಿದರೆ ರೇಸ್ ಸಡಿಲವಾಗುತ್ತದೆ, ಇಲ್ಲವೇ ಇಳಿಯುವುದೇ ಇಲ್ಲ. ಎತ್ತರವೂ ಹಳೆಯದಕ್ಕಿಂತ ಜಾಸ್ತಿ ಇರಬಾರದು, ಜಾಸ್ತಿಯಾದರೆ ಮೇಲಿನ ಲಾಕ್ ನಟ್ಟಿಗೆ ಸಾಕಷ್ಟು ಥ್ರೆಡ್ ಉಳಿಯುವುದಿಲ್ಲ. ಹೊಂದಿಸುವಾಗ ಆ ಥ್ರೆಡ್ ಕಪ್ಪನ್ನು ಕೈಯಲ್ಲೇ ತಿರುಗಿಸಿ ಅಲುಗಾಟ ನಿಲ್ಲಿಸಿ, ಒಂದಿಷ್ಟೇ ಹಿಂದಕ್ಕೆ ಬಿಡಿ. ಲಾಕ್ ನಟ್ ಬಿಗಿದಾಗ ಆ ಸಡಿಲ ತುಂಬಿಕೊಳ್ಳುತ್ತದೆ. ಎರಡು ಸ್ಪ್ಯಾನರ್ ಬೇಕು. ಲಾಕ್ ನಟ್ಟಿಗೆ ಬಹುತೇಕ 32 ಮಿ.ಮೀ., ಕೆಳಗಿನದಕ್ಕೆ ತೆಳು ಸ್ಪ್ಯಾನರ್. ಒಂದೇ ಸಲಕ್ಕೆ ಸರಿಬರುವುದು ಅಪರೂಪ, ಮೂರ್ನಾಲ್ಕು ಸಲ ಮಾಡಬೇಕಾದೀತು. ಹ್ಯಾಂಡಲ್ ಮತ್ತೆ ಇಳಿಸುವಾಗ ಸ್ಟೆಮ್ ಮೇಲಿನ ಕನಿಷ್ಠ ಆಳದ ಗುರುತು ಒಳಗೇ ಮುಚ್ಚಿಹೋಗಿರಬೇಕು.

ಎರಡು ಸೈಕಲ್ಲುಗಳನ್ನೂ ಎರಡು ಮೂರು ಸಲ ಓಡಿಸಿದ ಮೇಲೆ ಮತ್ತೆ ಚಕ್ರ ಅಡ್ಡ ತಿರುಗಿಸಿ, ಸಂದಿಗೆ ಬೆರಳಿಟ್ಟು ನೋಡಿ. ಹೊಸ ಕಪ್, ಹೊಸ ರೇಸ್ ಸ್ವಲ್ಪ ಕೂತುಕೊಂಡು ಸಣ್ಣ ಅಲುಗಾಟ ಬಂದಿರುತ್ತದೆ. ನಿಮ್ಮದರಲ್ಲಿ ಪಕ್ಕದ ಬೋಲ್ಟು ಸಡಿಲಿಸಿ, ಮೇಲಿನದನ್ನು ಒಂದಿಷ್ಟು ತಿರುಗಿಸಿ, ಮತ್ತೆ ಪಕ್ಕದ್ದನ್ನು ಬಿಗಿಯಿರಿ. ಅಪ್ಪನದರಲ್ಲಿ ಲಾಕ್ ನಟ್ ಬಿಚ್ಚಿ ಥ್ರೆಡ್ ಕಪ್ಪನ್ನು ಒಂದಿಷ್ಟೇ ಇಳಿಸಿ, ಮತ್ತೆ ಲಾಕ್ ನಟ್ ಬಿಗಿಯಿರಿ.